ಹನ್ನೆರಡನೆಯ ಕಿಟಕಿ

ಇಂಗ್ಲೆಂಡಿನ ಹಾಲೋಬರಿ ಸೀಮೆಯಲ್ಲಿ ಒಡತಿ ಇಸ್ಮೇಯ ಹೆಸರಿನಲ್ಲಿ ಡಂಗುರ ಸಾರಲಾಯಿತು: "ನಮ್ಮ ಓಕ್ ಮರದ ಮನೆಯನ್ನು ಕುರಿತ ಮೂರು ಒಗಟುಗಳನ್ನು ಬಿಡಿಸಿದವನನ್ನು ಒಡತಿ ವರಿಸುವಳು, ಮನೆ ಅವನದಾಗುವುದು. ತಪ್ಪಿದವನಿಗೆ ಸೋಮವಾರ ನೇಣು. ಒಬ್ಬ ಗೆದ್ದರೆ ಸೋತವರಿಗೆಲ್ಲ ಬಿಡುಗಡೆ."

ತಾಯಿ ತೀರಿಕೊಂಡಂದಿನಿಂದ ಇಸ್ಮೇ ಅತ್ತಿರಲಿಲ್ಲ, ನಕ್ಕಿರಲಿಲ್ಲ. ಸಾರಿಗೆ ಉಪ್ಪು ಮರೆತ ದಿನವೂ ಅವಳು ಸುಮ್ಮನೆ ಉಂಡೆದ್ದಳೆಂದು ಅಡುಗೆಯವರು ಹೇಳುತ್ತಿದ್ದರು.

"ಈ ಮನೆ ಮೊದಲು ಮಲಗಿ ಹುಟ್ಟಿತು, ಆಮೇಲೆ ನಿಂತು ಹುಟ್ಟಿತು. ಹೇಗೆ?" ಎಂದು ಅವಳು ತುಂಬಿದ ಸಭೆಯಲ್ಲಿ ಕೇಳಿದಳು.

"ಭೂಕಂಪಕ್ಕೆ ಉರುಳಿತ್ತು. ನಿಮ್ಮ ಮುತ್ತಾತ ಭುಜಕೊಟ್ಟು ಎತ್ತಿದರು" ಎಂದ, ವೀರನೆಂದು ಹೆಸರಾದ ಆಲ್ಡಸ್.

"ಮಲಗಿದ್ದು ಮನೆಯ ನೆರಳು" ಎಂದ ಪಂಡಿತ ಸಿಲ್ವೆಸ್ಟರ್.

ಇಬ್ಬರನ್ನೂ ನೆಲಮಾಳಿಗೆಗೆ ಒಯ್ದರು. ಇಸ್ಮೇ ಅತ್ತ ನೋಡಲಿಲ್ಲ.

ನೇಣುಗಂಬ ಕಟ್ಟಲು ಕರೆಸಿದ್ದ ಬಡಗಿ ವಾಟ್, ಮರಕ್ಕೆ ಉಳಿ ಹಚ್ಚದೆ ನೇರವಾಗಿ ಸಭೆಗೆ ಬಂದ.

"ಏನೋ ಬಡಗಿ, ಹಗ್ಗದ ಗಟ್ಟಿತನವನ್ನು ನಿನ್ನ ಕತ್ತಿನಲ್ಲೇ ನೋಡುತ್ತೀಯಾ?" ಎಂದು ಮನೆಯ ಆಡಳಿತ ನೋಡುವ ಪಾರುಪತ್ತೇಗಾರ ಗದರಿದ.

"ಆ ಕಂಬ ಕಟ್ಟಲು ಕೈ ಏಳಲಿಲ್ಲ, ಸ್ವಾಮಿ" ಎಂದು ವಾಟ್ ಒಡತಿಯತ್ತ ತಿರುಗಿದ. "ಅಮ್ಮಾವ್ರೆ, ನಿಮ್ಮ ಒಗಟಿಗೆ ನನ್ನ ಉತ್ತರ ಇದು. ನಾವು ಮನೆಯ ಚೌಕಟ್ಟನ್ನು ಮೊದಲು ನಮ್ಮ ಅಂಗಳದ ನೆಲದ ಮೇಲೆ ಮಲಗಿಸಿ ಜೋಡಿಸುತ್ತೇವೆ. ಪ್ರತಿ ಕಂಬಕ್ಕೂ ಉಳಿಗುರುತು ಕೊರೆದು, ಬಿಚ್ಚಿ, ಮನೆಯ ಜಾಗಕ್ಕೆ ತಂದು, ಗುರುತಿಗೆ ಗುರುತು ಕೂಡಿಸಿ ನಿಲ್ಲಿಸುತ್ತೇವೆ."

"ಸರಿ. ಮುದಿಯಾದಷ್ಟೂ ಈ ಮನೆಯಲ್ಲಿ ಯಾರ ಹಿಡಿತ ಬಿಗಿಯಾಗುತ್ತದೆ?"

"ಪಾರುಪತ್ತೇಗಾರರದ್ದು" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಓಕ್ ಮರದ್ದು" ಎಂದ ವಾಟ್. "ಮರ ಹಸಿಯಿರುವಾಗಲೇ ತೂತು ಕೊರೆದು ಒಣಗೂಟ ಹೊಡೆಯುತ್ತೇವೆ. ಒಣಗುತ್ತ ಹೋದಂತೆ ಮರ ಕುಗ್ಗಿ, ಗೂಟವನ್ನು ಅಮುಕಿ ಹಿಡಿಯುತ್ತದೆ."

ಇಸ್ಮೇಯ ದನಿ ಏರಲಿಲ್ಲ. "ಮೇಲಂತಸ್ತಿನಲ್ಲಿ ಹೊರಗಿನಿಂದ ಹನ್ನೆರಡು ಕಿಟಕಿ, ಒಳಗಿನಿಂದ ಹನ್ನೊಂದು. ಹನ್ನೆರಡನೆಯದರ ಹಿಂದೆ ಯಾರಿದ್ದಾರೆ?"

ಸತ್ತ ತಾಯಿ ಅಲ್ಲಿ ನಿಲ್ಲುತ್ತಾಳೆಂದು ಊರೆಲ್ಲ ಹೇಳುತ್ತಿತ್ತು; ಕಂಡವರು ಯಾರೆಂದರೆ ಹೆಸರು ಹೇಳುವವರಿರಲಿಲ್ಲ.

ವಾಟ್ ಮೇಲೆ ಹೋಗಿ ಕೊನೆಯ ಗೋಡೆಯ ಕಂಬಗಳನ್ನು ಬೆರಳಿನಿಂದ ಸವರಿ ನೋಡಿ ಬಂದ.

"ಯಾರೂ ಇಲ್ಲ, ಅಮ್ಮಾವ್ರೆ. ಆ ಗೋಡೆಯ ಕಂಬಗಳಿಗೆ ಉಳಿಗುರುತಿಲ್ಲ. ಮನೆಯ ಜೊತೆ ಹುಟ್ಟಿದ ಗೋಡೆಯಲ್ಲ ಅದು. ಆಮೇಲೆ ಯಾರೋ ಒಂದು ಕೋಣೆ ಮುಚ್ಚಿದ್ದಾರೆ."

"ನನ್ನ ತಂದೆ. ಅಮ್ಮ ತೀರಿಕೊಂಡ ವಾರ ಅವಳ ಕೋಣೆ ಮುಚ್ಚಿಸಿದರು. ನನಗಾಗ ಆರು ವರ್ಷ." ಅವಳು ಪಾರುಪತ್ತೇಗಾರನತ್ತ ತಿರುಗಿದಳು. "ಮೂರೂ ಸರಿ. ಅವರಿಬ್ಬರನ್ನೂ ಬಿಡಿ. ಬಡಗಿ, ಮನೆ ನಿನ್ನದು. ನಾನೂ."

"ಮನೆ ನನ್ನದಾದರೆ, ಆ ಗೋಡೆ ತೆಗೆಯುತ್ತೇನೆ. ಆಮೇಲಿನದು ನೀವು ಯೋಚಿಸಿ ಹೇಳಿ."

ಮಧ್ಯಾಹ್ನದ ಹೊತ್ತಿಗೆ ಹಲಗೆಗಳು ಬಿದ್ದವು. ಒಳಗೆ ಒಂದು ಮಂಚ, ಧೂಳು, ಕಿಟಕಿಯಿಂದ ಬಿದ್ದ ಬಿಸಿಲು. ಇಸ್ಮೇ ಹೊಸ್ತಿಲಲ್ಲಿ ನಿಂತು ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದಳು.

"ಅಮ್ಮನ ಕೋಣೆ ಇಷ್ಟು ಚಿಕ್ಕದಿತ್ತೇ?" ಎಂದಳು. ಮಾತು ಮುಗಿಯುವ ಮೊದಲೇ ಅವಳ ದನಿ ಒಡೆಯಿತು.