ಸಾಹೇಬರ ಬಂಗಲೆಗೆ ಹೋದ ಕರೆಂಟು

ಆ ವರ್ಷ ಅಣುಸ್ಥಾವರ ಕೆಟ್ಟು ನಿಂತದ್ದು ಒಂಬತ್ತು ದಿನ. ನಾಳೆ ತಪಾಸಣೆ ಅಧಿಕಾರಿ ಬರುತ್ತಾರೆ ಎನ್ನುವಾಗ ನಿರ್ದೇಶಕ ಗುಂಡ್ಮಿಯವರಿಗೆ ಸ್ಥಾವರದ ಮಾನದ ಚಿಂತೆ ಹತ್ತಿತು.

"ಒಂದು ದಿನವೂ ನಿಂತಿಲ್ಲ ಅಂತ ತಿದ್ದಿಡು. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ," ಎಂದು ದಿನಚರಿ ಬರೆಯುವ ಗುಮಾಸ್ತನನ್ನು ಗದರಿದರು.

"ಅಪ್ಪಣೆ ಸಾರ್," ಎಂದ ಗುಮಾಸ್ತ ಒಂಬತ್ತನ್ನೂ ಅಳಿಸಿದ.

ಮರುದಿನ ಅಧಿಕಾರಿ ಪುಸ್ತಕ ತಿರುವಿ ಹುಬ್ಬೇರಿಸಿದರು. "ಸ್ಥಾವರ ನಿಂತೇ ಇಲ್ಲ. ಆದರೂ ಒಂಬತ್ತು ದಿನ ಊರಿಗೆ ಕರೆಂಟು ಬಂದಿಲ್ಲ ಅಂತ ಊರವರ ದೂರಿದೆ. ಹಾಗಾದ್ರೆ ಅದು ಹೋಯ್ತೆಲ್ಲಿಗೆ?"

ಗುಮಾಸ್ತ ಕೈಕಟ್ಟಿ ನಿಂತ. "ನಮ್ಮ ನಿರ್ದೇಶಕ ಸಾಹೇಬರ ಬಂಗಲೆಗೇ ಇರಬೇಕು ಸಾರ್. ಒಂಬತ್ತೂ ದಿನ ಅಲ್ಲಿ ದೀಪ ಉರೀತಿತ್ತು."

"ಅಯ್ಯೋ, ಅದು ಜನರೇಟರ್ ದೀಪ! ಸ್ಥಾವರ ನಿಂತಿತ್ತು ಸ್ವಾಮಿ! ಒಂಬತ್ತೂ ದಿನ ನಿಂತಿತ್ತು!" ಗುಂಡ್ಮಿಯವರು ಕೂಗಿಕೊಂಡರು.

ಗುಮಾಸ್ತ ವಿನಯದಿಂದ ಪೆನ್ನು ತೆಗೆದ. "ತಾರೀಕು ಹೇಳಿ ಸಾರ್, ಬರ್ಕೋತೀನಿ. ನಿಮ್ಮ ಅಪ್ಪಣೆ ಅಂತ ನಾನು ಅಳಿಸಿಬಿಟ್ಟಿದ್ದೀನಲ್ಲ."