ಬಾಚಪ್ಪನ ಬೆನ್ನ ಮೇಲಿನ ಸಾಮಾನು

ಮೈತುಂಬ ಉದ್ದುದ್ದ ಮುಳ್ಳು, ಗಿಡ್ಡ ಕಾಲು, ನಡೆದರೆ ಗಲಗಲ ಸದ್ದು. ಆ ಪ್ರಾಣಿಗೆ ನಮ್ಮೂರ ಕಡೆ ಒಂದು ಚಂದದ ಹೆಸರಿತ್ತು ಮಕ್ಕಳೇ. ಎಯ್... ಎಯ್ಯ... ಅಲ್ಲ, ಅದರ ಮುಂದೆ ಇನ್ನೇನೋ ಇತ್ತು. ನಾಲಗೆಯ ತುದಿಗೆ ಬಂದು ಅಲ್ಲೇ ಕೂತುಬಿಟ್ಟಿದೆ. ಈ ಊರಿನಲ್ಲಿ ಯಾರನ್ನಾದರೂ ಕೇಳೋಣವೆಂದರೆ ಇಲ್ಲಿಯವರಿಗೆ ಕನ್ನಡವೇ ಬರುವುದಿಲ್ಲ. ಹೋಗಲಿ, ಮುಳ್ಳುಹಂದಿ ಎನ್ನೋಣ.

ಒಂದು ಮುತ್ತುಗದ ಕಾಡು. ಕಾಡಿನಂಚಿನಲ್ಲಿ ಒಂದು ಹಳ್ಳ. ಹಳ್ಳದ ದಂಡೆಯಲ್ಲಿ, ದೊಡ್ಡ ಬಂಡೆಯ ಕೆಳಗೆ ಒಂದು ಬಿಲ. ಆ ಬಿಲದಲ್ಲಿ ಬಾಚಪ್ಪ ಎಂಬ ಮುಳ್ಳುಹಂದಿ ತನ್ನ ಹೆಂಡತಿ ಕೆಂಚಮ್ಮ, ಮಗಳು ಚೂಪಿಯ ಜೊತೆ ವಾಸವಾಗಿದ್ದ. ವಾಸವಾಗಿದ್ದ ಎನ್ನುವುದು ಬರೀ ಬಾಯಿಮಾತಿಗೆ. ಬಿಲದಲ್ಲಿ ನಿಜವಾಗಿ ವಾಸವಾಗಿದ್ದದ್ದು ಬಾಚಪ್ಪನ ಸಾಮಾನು.

ಭಾನುವಾರ ಬಂತೆಂದರೆ ಪೇಟೆಯ ಜನ ಹಳ್ಳದ ಹತ್ತಿರ ಬುತ್ತಿ ಉಣ್ಣಲು ಬರುತ್ತಿದ್ದರು. ಉಂಡು, ನಕ್ಕು, ಅರ್ಧ ಸಾಮಾನು ಮರೆತು ಹೋಗುತ್ತಿದ್ದರು. ಬಾಚಪ್ಪ ಅದನ್ನೆಲ್ಲ ಮನೆಗೆ ತರುತ್ತಿದ್ದ. ತಳವಿಲ್ಲದ ಬುಟ್ಟಿ, ಹಲ್ಲು ಮುರಿದ ಬಾಚಣಿಗೆ, ಬಟ್ಟೆ ಹೋಗಿ ಕಡ್ಡಿ ಮಾತ್ರ ಉಳಿದ ಕೊಡೆ. ಎಲ್ಲದಕ್ಕೂ ಅವನದು ಒಂದೇ ಮಾತು: "ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ."

ಒಂದು ದಿನ ಒಂಟಿ ಚಪ್ಪಲಿ ಕಚ್ಚಿಕೊಂಡು ಬಂದ.

"ಇದೊಂದನ್ನೇ ಇಟ್ಟುಕೊಂಡು ಏನು ಮಾಡ್ತೀರಿ?" ಎಂದಳು ಕೆಂಚಮ್ಮ.

"ಇನ್ನೊಂದು ಸಿಕ್ಕರೆ ಜೊತೆ ಆಗುತ್ತಲ್ಲ."

"ನಿಮಗೆ ಇರೋದು ನಾಲ್ಕು ಕಾಲು ರೀ."

ಬಾಚಪ್ಪನ ಮುಖ ಅರಳಿತು. "ಹೌದಲ್ಲ! ಹಾಗಾದರೆ ಇನ್ನೂ ಮೂರು ಹುಡುಕಬೇಕು. ಒಳ್ಳೇದಾಯಿತು ನೆನಪು ಮಾಡಿದೆ."

ಇನ್ನೊಂದು ದಿನ ಒಣಗಿದ ಆನೆ ಲದ್ದಿಯ ದೊಡ್ಡ ಉಂಡೆಯನ್ನು ಉರುಳಿಸಿಕೊಂಡು ಬಂದ.

"ಅಯ್ಯೋ, ಇದ್ಯಾಕ್ರೀ?"

"ಮಳೆಗಾಲದಲ್ಲಿ ಒಲೆಗೆ ಹಾಕೋಕೆ."

"ನಮ್ಮನೇಲಿ ಒಲೆ ಎಲ್ಲಿದೆ?"

"ಒಲೆ ಸಿಕ್ಕ ದಿನ ಉರಿಸೋಕೆ ಏನಾದರೂ ಬೇಡವಾ? ನಿನಗೆ ಮುಂದಾಲೋಚನೆಯೇ ಇಲ್ಲ."

ಹೀಗೆ ಬಿಲ ತುಂಬುತ್ತಾ ಬಂತು. ಮೊದಲು ಮಲಗುವಾಗ ಮೂವರ ಬಾಲ ಹೊರಗೆ ಬಂದವು. ಆಮೇಲೆ ಕಾಲು ಬಂದವು. ಕಡೆಗೆ ಮೂವರೂ ಅಂಗಳದಲ್ಲೇ ಮಲಗುವಂತಾಯಿತು. ಒಳಗೆ ಮುರಿದ ಕೊಡೆ ಸುಖವಾಗಿ ಕಾಲು ಚಾಚಿಕೊಂಡಿತ್ತು.

ಪಕ್ಕದ ಹುತ್ತದ ಬಳಿ ಉಂಡೆಕ್ಕ ಎಂಬ ಚಿಪ್ಪುಹಂದಿಯ ಮನೆ. ಅವಳ ಮನೆಯಲ್ಲಿ ಅವಳನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಒಂದು ಬೆಳಗ್ಗೆ ಅವಳು ಇರುವೆ ನೆಕ್ಕುತ್ತಾ ಬಂದು ಹೇಳಿದಳು, "ಬಾಚಪ್ಪಾ, ಹಳ್ಳದ ಆಚೆ ಕಡೆ ಚಿರತೆ ಹೆಜ್ಜೆ ನೋಡಿದೆ. ಮಗಳನ್ನು ಒಳಗೆ ಮಲಗಿಸು. ಅವಳ ಮುಳ್ಳು ಇನ್ನೂ ಎಳೇದು."

"ಚಿರತೆ ಏನು ಮಾಡುತ್ತೆ? ನಾನಿದ್ದೀನಲ್ಲ," ಎಂದ ಬಾಚಪ್ಪ.

ಕೆಂಚಮ್ಮ ಮಾತ್ರ ಬಿಡಲಿಲ್ಲ. "ಸಂಜೆಯೊಳಗೆ ಮಗು ಮಲಗೋಕೆ ಜಾಗ ಆಗಬೇಕು. ಇಲ್ಲದಿದ್ದರೆ ಅವಳನ್ನು ಕರಕೊಂಡು ನಮ್ಮಮ್ಮನ ಮನೆಗೆ ಹೋಗ್ತೀನಿ. ನೀವು ಆ ಲದ್ದಿ ಜೊತೆ ಸಂಸಾರ ಮಾಡಿ."

ಬಾಚಪ್ಪ ತಲೆ ಕೆರೆದುಕೊಂಡ. ಎಸೆಯಲು ಮನಸ್ಸಿಲ್ಲ. ಇಡಲು ಜಾಗವಿಲ್ಲ. ಆಗ ಹಳ್ಳದ ನೀರಿನಲ್ಲಿ ತನ್ನ ನೆರಳು ಕಂಡಿತು. ಬೆನ್ನ ತುಂಬ ಮುಳ್ಳು!

"ಅರೆ! ಇಷ್ಟೊಂದು ಗೂಟ ಬೆನ್ನ ಮೇಲೆ ಇಟ್ಟುಕೊಂಡು ಜಾಗ ಹುಡುಕ್ತಾ ಇದ್ದೀನಲ್ಲ! ನನ್ನಂಥ ಪೆದ್ದ ಇನ್ನೊಬ್ಬ ಇಲ್ಲ."

ಆ ಮಾತಿನ ಕೊನೆಯ ಭಾಗ ನಿಜ.

ಕೆಲಸ ಶುರುವಾಯಿತು. ಒಂದು ಮುಳ್ಳಿಗೆ ಚಪ್ಪಲಿ. ಇನ್ನೊಂದಕ್ಕೆ ಬಾಚಣಿಗೆ, ಮತ್ತೊಂದಕ್ಕೆ ತಳವಿಲ್ಲದ ಬುಟ್ಟಿ. ನಡುಬೆನ್ನಿಗೆ ಲದ್ದಿಯ ಉಂಡೆ. ಖಾಲಿ ಉಳಿದ ಮುಳ್ಳುಗಳನ್ನು ಕಂಡು ಅವನಿಗೆ ಹೊಟ್ಟೆ ಉರಿಯಿತು. ಓಡಿ ಹೋಗಿ ಮರದಡಿ ಉದುರಿದ್ದ ನೆಲ್ಲಿಕಾಯಿಯ ರಾಶಿಯ ಮೇಲೆ ಹೊರಳಾಡಿ ಬಂದ. ಈಗ ಒಂದೊಂದು ಮುಳ್ಳಿನ ತುದಿಗೂ ಒಂದೊಂದು ನೆಲ್ಲಿಕಾಯಿ.

"ಅಪ್ಪಾ, ನೀನು ಮುಳ್ಳುಹಂದಿ ಥರ ಕಾಣ್ತಾನೇ ಇಲ್ಲ," ಎಂದಳು ಚೂಪಿ.

"ಮತ್ತೆ ಯಾವ ಥರ ಕಾಣ್ತೀನಿ?"

"ಸಂತೆ ಥರ."

ಬಾಚಪ್ಪ ಅದನ್ನು ಹೊಗಳಿಕೆ ಎಂದುಕೊಂಡ.

ಬಿಲದಲ್ಲಿ ಒಂದು ಮೂಲೆ ಖಾಲಿಯಾಗಿತ್ತು. ಚೂಪಿಗೆ ಸಾಕಾಗುವಷ್ಟು ಜಾಗ. ಆದರೆ ಆ ಖಾಲಿ ಮೂಲೆಯನ್ನು ನೋಡಿದಷ್ಟೂ ಬಾಚಪ್ಪನಿಗೆ ಏನೋ ಕಳೆದುಹೋದಂತೆ ಸಂಕಟವಾಯಿತು. ಹೊತ್ತು ಇಳಿಯುವಷ್ಟರಲ್ಲಿ ರಸ್ತೆಯ ಬದಿಯಿಂದ ಒಂದು ಹಳೆಯ ಟೈರು ಉರುಳಿಸಿ ತಂದು, ಬಿಲದ ಬಾಯಿಗೆ ತುರುಕಿಬಿಟ್ಟ.

ಅಷ್ಟರಲ್ಲಿ ಪೊದೆ ಅಲುಗಿತು. ಚಿರತೆ ಬಂತು.

"ಉಂಡೆಕ್ಕಾ, ಚಿರತೆ!" ಎಂದು ಚೂಪಿ ಕಿರುಚಿದಳು.

ಉಂಡೆಕ್ಕ ಇದ್ದಲ್ಲೇ ಸುರುಳಿ ಸುತ್ತಿ ಚೆಂಡಾದಳು. ಚೆಂಡಿನೊಳಗಿಂದ ಮಾತು ಬಂತು: "ನಾನಂತೂ ಬಾಗಿಲು ಹಾಕ್ಕೊಂಡೆ! ನೀವೂ ಒಳಗೆ ಹೋಗಿ!"

ಕೆಂಚಮ್ಮ ಟೈರನ್ನು ಕೀಳಲು ಅದರ ತೂತಿನೊಳಗೆ ತಲೆ ಹಾಕಿದಳು. ಅಲ್ಲೇ ಸಿಕ್ಕಿಕೊಂಡಳು. ಮುಂದಕ್ಕೆ ಹೋಗೋಣವೆಂದರೆ ಸಾಮಾನು, ಹಿಂದಕ್ಕೆ ಬರೋಣವೆಂದರೆ ಟೈರು. ಅವಳ ಮುಳ್ಳುಗಳೆಲ್ಲ ಮೈಗೆ ಅಂಟಿ ಮಲಗಿದವು. ಚೂಪಿ ಅಂಗಳದಲ್ಲಿ ಒಬ್ಬಳೇ ಉಳಿದಳು.

ಬಾಚಪ್ಪ ಹೆದರಲಿಲ್ಲ. ಮುಳ್ಳುಹಂದಿಗಳು ಮಾಡುವುದನ್ನೇ ಮಾಡಿದ. ನೆಲಕ್ಕೆ ಕಾಲು ಬಡಿದ. ಬೆನ್ನು ತಿರುಗಿಸಿದ. ಮುಳ್ಳು ನಿಗುರಿಸಿ ಹಿಂದು ಹಿಂದಕ್ಕೆ ನುಗ್ಗಿದ.

ಚಿರತೆ ಈಗ ಚುಚ್ಚುತ್ತದೆಂದು ಕಣ್ಣು ಮುಚ್ಚಿಕೊಂಡಿತು. ಮೂಗಿಗೆ ನೆಲ್ಲಿಕಾಯಿ ತಾಗಿತು. ಕೆನ್ನೆಗೆ ಚಪ್ಪಲಿ ಸವರಿತು. ಅದು ಒಂದು ಕಣ್ಣು ತೆರೆಯಿತು.

"ಇದೇನಿದು? ದಿಂಬಾ?"

ಚಿರತೆಗೆ ಬಹಳ ದಿನದಿಂದ ಬೆನ್ನಿನಲ್ಲಿ ನವೆ. ತಿರುಗಿ ನಿಂತು ಬಾಚಪ್ಪನ ಮೈಗೆ ತನ್ನ ಬೆನ್ನು ಉಜ್ಜತೊಡಗಿತು. "ಆಹಾಹಾ! ಇನ್ನು ಸ್ವಲ್ಪ ಎಡಕ್ಕೆ ಬಾ ಮಾರಾಯ. ಆ ಬಾಚಣಿಗೆ ಇರೋ ಕಡೆ."

ಕೇಳಿದವರಿಗೆ ಇಲ್ಲ ಎನ್ನುವ ಅಭ್ಯಾಸವೇ ಬಾಚಪ್ಪನಿಗೆ ಇರಲಿಲ್ಲ. ಎಡಕ್ಕೆ ಸರಿದ.

"ರೀ!" ಟೈರಿನೊಳಗಿಂದ ಕೆಂಚಮ್ಮ ಕೂಗಿದಳು. "ಅಲ್ಲಿ ಏನು ನಡೀತಾ ಇದೆ?"

"ಅಪ್ಪ ಚಿರತೆ ಬೆನ್ನು ಕೆರೀತಾ ಇದ್ದಾನೆ ಅಮ್ಮಾ!"

"ಅಯ್ಯೋ ನನ್ನ ಕರ್ಮವೇ! ಮೈ ಕೊಡವಿ, ಎಲ್ಲಾ ಉದುರಿಸ್ರೀ!"

"ಎಲ್ಲಾನಾ?" ಬಾಚಪ್ಪ ತನ್ನ ಬೆನ್ನ ಕಡೆ ತಿರುಗಿ ನೋಡಿದ. "ನೆಲ್ಲಿಕಾಯಿ ಬೇಕಾದರೆ ಹೋಗಲಿ. ಅಥವಾ ಅದು ಇರಲಿ, ಬುಟ್ಟಿ ಹೋಗಲಿ. ಅಲ್ಲ, ಬುಟ್ಟಿ ಇಲ್ಲದೆ ನೆಲ್ಲಿಕಾಯಿ ಎಲ್ಲಿಡೋದು?"

"ಬುಟ್ಟಿಗೆ ತಳವೇ ಇಲ್ಲ!" ಎಂದಿತು ಚಿಪ್ಪುಹಂದಿಯ ಚೆಂಡು.

"ಚಪ್ಪಲಿ?"

"ರೀ!"

ಅಷ್ಟು ಹೊತ್ತಿಗೆ ಚಿರತೆಯ ನವೆ ತೀರಿತ್ತು. ಹಸಿವು ನೆನಪಾಗಿತ್ತು. "ಬಹಳ ಉಪಕಾರವಾಯಿತು ಮಾರಾಯ. ನಿನ್ನನ್ನು ಆಮೇಲೆ ನೋಡ್ಕೋತೀನಿ," ಎಂದು ಚೂಪಿಯ ಕಡೆ ತಿರುಗಿತು.

ಚೂಪಿ ಓಡಲಿಲ್ಲ. ಓಡಲು ಮನೆಯೊಳಗೆ ಜಾಗವಿರಲಿಲ್ಲ. ಅಪ್ಪ ಮಾಡಿದ್ದನ್ನು ನೋಡಿದ್ದಳಲ್ಲ, ಹಾಗೆಯೇ ನೆಲಕ್ಕೆ ಪುಟ್ಟ ಕಾಲು ಬಡಿದಳು. ಬೆನ್ನು ತಿರುಗಿಸಿದಳು. ಹುಲ್ಲಿನಷ್ಟು ಮೆತ್ತಗಿನ ಮುಳ್ಳುಗಳನ್ನು ನಿಗುರಿಸಿ ನಡುಗುತ್ತಾ ನಿಂತಳು. ಅವಳ ಬೆನ್ನ ಮೇಲೆ ಏನೂ ಇರಲಿಲ್ಲ, ಆದರೆ ಆ ಮುಳ್ಳು ಯಾರಿಗೂ ಚುಚ್ಚುವಂತಿರಲಿಲ್ಲ.

ಬಾಚಪ್ಪ ಅದನ್ನು ನೋಡಿದ. ಆಮೇಲೆ ಅವನು ಬುಟ್ಟಿಯನ್ನೂ ನೆನೆಯಲಿಲ್ಲ, ಚಪ್ಪಲಿಯನ್ನೂ ನೆನೆಯಲಿಲ್ಲ. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಮೈಯನ್ನು ಒಮ್ಮೆ ಝಾಡಿಸಿದ ನೋಡಿ!

ನೆಲ್ಲಿಕಾಯಿಗಳು ಆಲಿಕಲ್ಲಿನಂತೆ ಹಾರಿದವು. ಚಪ್ಪಲಿ ಚಿರತೆಯ ತಲೆಗೆ ಫಟ್ಟೆಂದು ಬಡಿಯಿತು. ಬುಟ್ಟಿ ಕೊರಳಿಗೆ ಬಿದ್ದು ಹಾರವಾಯಿತು. "ಇದೇನು..." ಎಂದು ಚಿರತೆ ಬಾಯಿ ತೆರೆದದ್ದೇ ತಡ, ಆನೆ ಲದ್ದಿಯ ಉಂಡೆ ನೇರ ಬಾಯೊಳಗೆ!

ಬಾಚಪ್ಪ ಬೋಳು ಮುಳ್ಳುಗಳನ್ನು ನಿಗುರಿಸಿ, ಹಿಂದು ಹಿಂದಕ್ಕೆ, ಗಲಗಲ ಗಲಗಲ ನುಗ್ಗಿದ. ಈ ಸಲ ಚಿರತೆಯ ಮೂಗಿಗೆ ತಾಗಿದ್ದು ನೆಲ್ಲಿಕಾಯಿ ಅಲ್ಲ.

"ಉಮ್ಮ್ಮ್ಮ್!" ಎಂದಿತು ಚಿರತೆ. ಲದ್ದಿ ತುಂಬಿದ ಬಾಯಲ್ಲಿ ಅಷ್ಟೇ ಹೇಳಲಾದದ್ದು. ಬುಟ್ಟಿಯ ಹಾರ ಹಾಕಿಕೊಂಡೇ ಹಳ್ಳ ಹಾರಿತು. ಆ ಕಡೆ ಮತ್ತೆ ಬರಲಿಲ್ಲ.

ಚೂಪಿ ಅಪ್ಪನ ಬಳಿ ಓಡಿ ಬಂದಳು. ಮುಳ್ಳುಹಂದಿಗಳು ಅಪ್ಪಿಕೊಳ್ಳುವ ಹಾಗಿಲ್ಲ. ಮೂಗಿಗೆ ಮೂಗು ತಾಗಿಸಿ ನಿಂತರು.

"ನಿಮ್ಮ ಮುದ್ದು ಮುಗಿದಿದ್ದರೆ ನನ್ನನ್ನು ಸ್ವಲ್ಪ ಎಳೀತೀರಾ?" ಎಂದಿತು ಟೈರು.

ಎಳೆದರು. ಕೆಂಚಮ್ಮ ಬಂದಳು, ಟೈರೂ ಬಂತು. ಅದರ ಹಿಂದೆಯೇ ಬಿಲದ ಸಾಮಾನೆಲ್ಲ ದಡದಡ ಹೊರಗೆ ಉರುಳಿತು. ಬಾಚಪ್ಪ ಆ ರಾಶಿಯ ಮುಂದೆ ನಿಂತ. ಈಗ 'ಇರಲಿ ಬಿಡು' ಎನ್ನುತ್ತಾನೆ ಎಂದು ಕೆಂಚಮ್ಮ ಕಾದಳು. ಅವನೋ, ಟೈರನ್ನು ರಸ್ತೆಯ ಕಡೆಗೆ ಉರುಳಿಸತೊಡಗಿದ. ಆಮೇಲೆ ಮೂವರೂ ಸೇರಿ ಉಳಿದದ್ದನ್ನೆಲ್ಲ ಸಾಗಿಸಿದರು. ಉಂಡೆಕ್ಕನೂ ಸುರುಳಿ ಬಿಚ್ಚಿ ಬಂದು ಕೊಡೆಯ ಒಂದು ಕಡ್ಡಿ ಎಳೆದಳು.

ಕತ್ತಲಾಗುವ ಮೊದಲೇ ಮನೆಯೊಳಗೆ ಹೋದರು. ಚೂಪಿ ಆ ಗೋಡೆಯಿಂದ ಈ ಗೋಡೆಗೆ ಓಡಿದಳು. ನಡುವೆ ನಿಂತು "ಕೂ!" ಎಂದಳು.

"ಕೂ!" ಎಂದಿತು ಮನೆ.

ಮೂವರೂ ಬೆಚ್ಚಿಬಿದ್ದರು.

"ರೀ, ನಮ್ಮ ಮನೆ ಮಾತಾಡ್ತಾ ಇದೆ!" ಎಂದಳು ಕೆಂಚಮ್ಮ.

ಬಾಚಪ್ಪ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಮಲಗಿದ. "ಪಾಪ, ಇಷ್ಟು ದಿನ ಅದರ ಬಾಯಿಗೆ ಎಲ್ಲಾ ತುರುಕಿಟ್ಟಿದ್ದೆ," ಎಂದವನು, ತಾನೂ ಒಮ್ಮೆ "ಕೂ!" ಎಂದು ನೋಡಿದ.

ಇಷ್ಟೇ ಕತೆ. ಪಕ್ಕದಲ್ಲಿ ಕೂತ ಪುಟ್ಟೀ, ನಗೋದು ಸಾಕು. ಬರೆದು ಬರೆದು ನನ್ನ ಕೈ ಸೋತಿದೆ, ಇದೊಂದು ಸಾಲು ನೀನೇ ಬರಿ. ದುಂಡಗೆ ಬರಿಯಮ್ಮ.

ನೀತಿ: ಯಾವತ್ತೋ ಬೇಕಾದೀತೆಂದು ಕೂಡಿಟ್ಟದ್ದು ಇವತ್ತು ಬೇಕಾದದ್ದನ್ನು ಮುಚ್ಚಿಬಿಡುತ್ತದೆ, ಕಡಿಮೆ ಇಟ್ಟುಕೊಂಡವರಿಗೆ ಮನೆಯೂ ದೊಡ್ಡದು, ಬೆನ್ನೂ ಹಗುರ.