ನಾಯಿಯ ಉಗುರು ಏಕೆ ಒಳಗೆ ಹೋಗುವುದಿಲ್ಲ

ಭೂಮಿ ಆಗಿನ್ನೂ ಹೊಸದು. ಬೆಟ್ಟದ ಕಲ್ಲುಗಳ ಬಿಸಿ ಆರಿರಲಿಲ್ಲ. ಯಾವ ಪ್ರಾಣಿಯ ಕಾಲಿಗೂ ಉಗುರು ಇರಲಿಲ್ಲ. ಗಿರಿಯವ್ವ ಎಂಬ ಕಮ್ಮಾರ ಮುದುಕಿ ಗುಡ್ಡದ ಮೇಲೆ ಕುಲುಮೆ ಹೂಡಿ, ಬಂದವರಿಗೆಲ್ಲ ಉಗುರು ಮಾಡಿಕೊಡುತ್ತಿದ್ದಳು. ತಿದಿ ಒತ್ತುವ ಕೆಲಸ ಗಾಳಿಯದು.

ಬೆಕ್ಕಿಗೂ ನಾಯಿಗೂ ಅವಳು ಒಂದೇ ದಿನ ಉಗುರು ಮಾಡಿದಳು. ಮಡಚುವ ಉಗುರು. ಬೇಕಾದಾಗ ಹೊರಗೆ ಬರಬೇಕು, ಬೇಡವಾದಾಗ ಬೆರಳೊಳಗೆ ಮಲಗಬೇಕು. ಒಂದೊಂದಕ್ಕೂ ಎಳ್ಳಿನಷ್ಟು ಸಣ್ಣ ಕೀಲು. ಅವನ್ನು ಕೂರಿಸುವಷ್ಟರಲ್ಲಿ ಗಿರಿಯವ್ವನ ಬೆರಳಲ್ಲೆಲ್ಲ ಬೊಬ್ಬೆ ಎದ್ದವು.

"ನಿಧಾನಕ್ಕೆ ತೆಗೀರಿ, ನಿಧಾನಕ್ಕೆ ಮಡಚಿ. ಜಾಡಿಸಿ ತೆಗೆದರೆ ಕೀಲು ಸಡಿಲ ಆಗ್ತದೆ" ಎಂದಳು.

"ಆಗಲಿ ಅವ್ವ" ಎಂದಿತು ಬೆಕ್ಕು. ನಾಯಿಯೂ ಹಾಗೇ ಅಂದಿತು. ಆದರೆ ಬೇಲಿ ದಾಟುವ ಮೊದಲೇ ಕಾಲು ಜಾಡಿಸಿತು. ಚಟಕ್! ಉಗುರೆಲ್ಲ ಒಮ್ಮೆಗೇ ಹೊರಗೆ!

ಅಳಿಲು ಬೆಚ್ಚಿಬಿದ್ದು ಮರ ಹತ್ತಿತು. ನಾಯಿಗೆ ಎಲ್ಲಿಲ್ಲದ ಖುಷಿ. ಮೊಲದ ಮುಂದೆ ಚಟಕ್. ನವಿಲಿನ ಮುಂದೆ ಚಟಕ್. ಯಾರೂ ಸಿಗದಿದ್ದರೆ ಹೊಳೆಯಲ್ಲಿ ಕಾಣುವ ತನ್ನ ಮುಖದ ಮುಂದೆಯೇ ಚಟಕ್.

"ಸಾಕು ಮಾರಾಯ" ಎಂದಿತು ಹೊಳೆ. "ನೀರು ಕುಡಿಯೋಕೆ ಬಂದವರೆಲ್ಲ ಓಡಿಹೋಗ್ತಾ ಇದ್ದಾರೆ."

ಹದಿನೈದೇ ದಿನಕ್ಕೆ ನಾಯಿ ಕುಲುಮೆಗೆ ಬಂತು. "ಅವ್ವ, ಉಗುರು ಅಲ್ಲಾಡ್ತಿದೆ. ನೀನು ಕೀಲು ಸರಿಯಾಗಿ ಕೂರಿಸಿಲ್ಲ."

ಗಿರಿಯವ್ವನಿಗೆ ಮೈಯೆಲ್ಲ ಉರಿದುಹೋಯಿತು. "ಈ ಕೀಲಿನ ತೂತು ನೋಡು! ದುಂಡಗಿದ್ದದ್ದು ಉದ್ದ ಆಗಿದೆ. ಬಡಿದು ಬಡಿದು ಸವೆಸಿದವನು ನೀನು. ನನ್ನ ಕೆಲಸಕ್ಕೆ ಹೆಸರಿಡ್ತೀಯಾ?"

ಬೈಯುತ್ತಲೇ ಹೊಸ ಕೀಲು ಹೊಡೆದುಕೊಟ್ಟಳು. "ಇನ್ನು ಜಾಡಿಸಿದರೆ ಉಗುರು ಮಡಚಿದಲ್ಲಿ ನಿಲ್ಲೋದಿಲ್ಲ. ತಾನಾಗೇ ಬಿಚ್ಚಿಕೊಳ್ತದೆ. ಕೇಳಿಸಿತಾ?"

"ಕೇಳಿಸಿತು" ಎಂದಿತು ನಾಯಿ.

ಸಂಜೆ ಗಾಳಿ ಬಂದು ಹೇಳಿತು, "ಗುಡ್ಡ ಇಳೀತಾ ಇಳೀತಾನೇ ಮತ್ತೆ ಜಾಡಿಸೋಕೆ ಶುರುಮಾಡಿದ."

ಗಿರಿಯವ್ವ ಕೈಯಲ್ಲಿದ್ದ ಸುತ್ತಿಗೆಯನ್ನು ಎತ್ತಿ ಬಿಸಾಡಿದಳು.

ಒಂದು ಬೆಳಿಗ್ಗೆ ನಾಯಿಯ ಹೆಂಡತಿ ಮರಿಯನ್ನು ಕಚ್ಚಿಕೊಂಡು ಕುಲುಮೆಗೆ ಓಡಿಬಂತು. ಮರಿಯ ಕಿವಿ ಹರಿದು ರಕ್ತ ಸುರಿಯುತ್ತಿತ್ತು. ಹಿಂದಿನಿಂದ ನಾಯಿ, ಬಾಲ ಮುದುರಿಕೊಂಡು.

"ಇವನು ಮಲಗಿದ ಕೂಸಿನ ತಲೆ ಸವರೋಕೆ ಹೋದ, ಅವ್ವ. ಉಗುರು ತಾನಾಗೇ ಬಿಚ್ಚಿಕೊಂಡಿತು" ಎಂದು ತಾಯಿನಾಯಿ ಅತ್ತಿತು.

ಗಿರಿಯವ್ವ ಸೊಪ್ಪು ಅರೆದು ಗಾಯಕ್ಕೆ ಕಟ್ಟಿದಳು. ಅವಳಿಗೆ ನಾಯಿಯ ಮೇಲೆ ಸಿಟ್ಟು. ಎರಡನೇ ಸಲ ಕೀಲು ಹೊಡೆದುಕೊಟ್ಟ ತನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು.

"ತಪ್ಪಾಯ್ತು ಅವ್ವ. ಇನ್ನೊಂದು ಸಲ ಹೊಸ ಕೀಲು..." ಎಂದಿತು ನಾಯಿ.

"ಬಾಯಿ ಮುಚ್ಚು! ಕಾಲು ಇಡು ಇಲ್ಲಿ."

ಉಗುರುಗಳನ್ನು ಹೊರಗೆಳೆದು, ಅಲ್ಲಾಡದ ಹಾಗೆ ಕೀಲು ಜಡಿದಳು. ತುದಿಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಿದಳು. "ಇನ್ನು ಬಿಚ್ಚೋದೂ ಇಲ್ಲ, ಮಡಚೋದೂ ಇಲ್ಲ. ನೆಲ ಕೆರೆಯೋಕೆ ಇಷ್ಟು ಸಾಕು!"

ಆಗ ತಾಯಿನಾಯಿ ತಾನೇ ಮುಂದೆ ಬಂದು ಕಾಲು ಚಾಚಿತು. "ನನಗೂ ಹೀಗೇ ಮಾಡವ್ವ. ನನ್ನ ಮಕ್ಕಳಿಗೂ. ಇನ್ನೊಂದು ಕೂಸಿನ ಕಿವಿ ಹರಿಯೋದು ಬೇಡ."

ಗಿರಿಯವ್ವ ಹಾಗೇ ಮಾಡಿದಳು. ಅವರೆಲ್ಲ ಗುಡ್ಡ ಇಳಿದ ಮೇಲೆ ಗಾಳಿ ಮೆಲ್ಲಗೆ ಕೇಳಿತು, "ಸಿಟ್ಟು ಇಳೀತಾ ಅವ್ವ?"

"ಇಲ್ಲ. ನೀನು ತಿದಿ ಒತ್ತು" ಎಂದಳು ಗಿರಿಯವ್ವ.

ಅದಕ್ಕೇ ನೋಡು, ಬೆಕ್ಕು ಪಕ್ಕದಲ್ಲೇ ಹಾದುಹೋದರೂ ನಿನಗೆ ಗೊತ್ತಾಗುವುದಿಲ್ಲ, ಅದರ ಉಗುರು ಇವತ್ತಿಗೂ ಬೆರಳೊಳಗೆ ಮಲಗಿರುತ್ತದೆ. ನಾಯಿ ಜಗಲಿ ಹತ್ತಿದರೆ ಮಾತ್ರ ಮೊಂಡು ಉಗುರಿನ ಟಕಟಕ ಸದ್ದು ಒಳಮನೆಯವರೆಗೂ ಕೇಳುತ್ತದೆ.